ಅಳಿಯದ ಪಾಠ

ದಸರೆಯ ರಜೆಯಲ್ಲಿ ಹುಮನಾಬಾದಿನ ನಮ್ಮ ಮನೆಗೆ ಮೊಮ್ಮಗ ಬಂದಿದ್ದನು. 2021ರಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡನ್ನು, ಬೇರೆ ಚಿಪ್‌ಗಳ ದೋಷ ಹುಡುಕುವ ಯುಎಸ್‌ಬಿ ಅಡಾಪ್ಟರ್ ಆಗಿಸುವುದು ಅವನ ಉದ್ದೇಶ. ಡಿಬಗ್‌ಪ್ರೋಬ್ ಎಂಬ ಮುಕ್ತ ತಂತ್ರಾಂಶವನ್ನು ಕಂಪೈಲ್ ಮಾಡಿ ಯುಎಫ್‌2 ಕಡತ ಸಿದ್ಧಪಡಿಸಿದನು.

"ಅಜ್ಜಾ, ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕೇಬಲ್ ಜೋಡಿಸಿ" ಎಂದನು. ಬೋರ್ಡು ಪೆನ್‌ಡ್ರೈವ್‌ನಂತೆ ಪರದೆಯಲ್ಲಿ ಕಾಣಿಸಿಕೊಂಡಿತು. ಕಡತ ನಕಲಾಗುತ್ತಿರುವಾಗಲೇ ನಾನು ಆತುರದಿಂದ ಕೇಬಲ್ ಕಿತ್ತುಬಿಟ್ಟೆ. ಕೆಟ್ಟೇಹೋಯಿತೆಂದು ಬೆವೆತೆ.

ಅವನು ನಕ್ಕನು: "ಗುಂಡಿ ಒತ್ತಿದಾಗ ಓಡುವ ಸಂಕೇತ ಚಿಪ್ಪಿನೊಳಗೇ ಅಚ್ಚಾಗಿದೆ, ಅಳಿಯದು. ಮತ್ತೊಮ್ಮೆ ಮಾಡಿ." ಎರಡನೆಯ ಬಾರಿ ಸರಿಹೋಯಿತು.

ಬಸವಕಲ್ಯಾಣದ ತರಗತಿಯಲ್ಲಿ ಮಗ್ಗಿ ತಪ್ಪಿದ ಮಕ್ಕಳಿಗೆ ನಾನು ಕೊಟ್ಟದ್ದು ಬೆತ್ತದೇಟು, ಎರಡನೆಯ ಅವಕಾಶವಲ್ಲ. ಇದನ್ನೋದುವ ಆ ಶಿಷ್ಯರು ನನ್ನನ್ನು ಕ್ಷಮಿಸಲಿ.