ಬೇಲಿಯೂ ಬೇಹುಗಾರನೂ

ಹೊಲಕ್ಕೆ ದನ ನುಗ್ಗಿದರೆ ಬೇಲಿ ಹಾಕಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕು? ಹಿರಿಯರು ಪ್ರಶ್ನೆಯನ್ನು ಗಾದೆ ಮಾಡಿ ಬಿಟ್ಟುಹೋದರೇ ಹೊರತು ಉತ್ತರ ಹೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ಹಾನಗಲ್ಲಿನ ಒಂದು ಮನೆಯಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಈ ಸಲ ಹೊಲವೆಂದರೆ ಮನೆಯ ಕಂಪ್ಯೂಟರು. ಬೇಲಿಯೆಂದರೆ ಅದನ್ನು ಕಾಯುತ್ತೇನೆಂದು ಬಂದ ಹೊಸ ತಂತ್ರಾಂಶ.

ಆ ಮನೆಯ ಯಜಮಾನರದು ಬೀಜ-ಗೊಬ್ಬರದ ಅಂಗಡಿ. ಹಗಲು ಹೊತ್ತಿನಲ್ಲಿ ಕಂಪ್ಯೂಟರಿನ ಮೇಲೆ ಅಂಗಡಿಯ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ. ಸಂಜೆಯಾದರೆ ಅದು ಮಗಳ ಪಾಲು. ಆಕೆ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿ, ಸಿಇಟಿ ಬರೆದು, ಫಲಿತಾಂಶದ ದಾರಿ ಕಾಯುತ್ತಿದ್ದಳು. ಅಂಥ ಹೊತ್ತಿನಲ್ಲೇ ಕಂಪ್ಯೂಟರಿಗೆ ಆಯಾಸ ಹತ್ತಿತು. ಬ್ರೌಸರ್ ತೆರೆದರೆ ಹೆಸರೇ ಕೇಳದ ಹುಡುಕುತಾಣವೊಂದು ಎದುರು ನಿಲ್ಲತೊಡಗಿತು. ಪರದೆಯ ಮೂಲೆಮೂಲೆಯಲ್ಲಿ ಜಾಹೀರಾತು ಪುಟಿದೇಳತೊಡಗಿದವು. ‘ಇದೇನ್ರೀ, ಜಾತ್ರ್ಯಾಗಿನ ಅಂಗಡಿ ಸಾಲು ಮನೀಗೇ ಬಂದಂಗ ಆಗೇತಲ್ಲ’ ಎಂದರು ಮನೆಯಾಕೆ.

ಕಾಲೇಜು ಆಯ್ಕೆಯನ್ನು ತುಂಬಬೇಕಾದ್ದು ಅದೇ ಕಂಪ್ಯೂಟರಿನಲ್ಲಿ. ಗುಪ್ತಪದ ಯಾರದೋ ಕೈಗೆ ಸಿಕ್ಕರೆ ಮಗಳ ವರುಷವೇ ಹೋದೀತೆಂದು ತಂದೆಗೆ ದಿಗಿಲು. ‘ಸ್ಪೈವೇರ್’ ಎಂಬ ಮಾತನ್ನು ಅವರು ಎಲ್ಲೋ ಓದಿದ್ದರು. ಸ್ಪೈವೇರ್ ಎಂದರೆ ಬೇಹುಗಾರ ತಂತ್ರಾಂಶ. ಅದು ಕಂಪ್ಯೂಟರಿನೊಳಗೆ ಸದ್ದಿಲ್ಲದೆ ಕುಳಿತು, ಯಜಮಾನ ಏನು ಓದಿದ, ಏನು ಬರೆದ, ಯಾವ ಕೀಲಿ ಒತ್ತಿದ ಎಂಬುದನ್ನು ಗುರುತು ಹಾಕಿಕೊಂಡು ಹೊರಗಿನವರಿಗೆ ಮುಟ್ಟಿಸುತ್ತದೆ. ಇದನ್ನು ಹಿಡಿಯುವ ಹೊಸ ಹೊಸ ತಂತ್ರಾಂಶಗಳು ಬಂದಿವೆಯಂತೆ, ಬಳಸಿದವರನ್ನು ಕೇಳಿದರಾಯಿತು ಎಂದು ಅವರು ಫೋನು ಎತ್ತಿಕೊಂಡರು. 1997ರಲ್ಲಿ ಹಾವೇರಿ ಜಿಲ್ಲೆ ಆಗುವುದಕ್ಕೆ ಎಷ್ಟೋ ಮೊದಲೇ ಅವರ ಬಂಧುಬಳಗ ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಹರಡಿಕೊಂಡಿತ್ತು.

ಮೊದಲ ಅಭಿಪ್ರಾಯ ಶಿಗ್ಗಾವಿಯದು. ಅಲ್ಲಿ ಮಗಳ ಸೋದರಮಾವನಿಗೆ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ‘ಹೊಸಾದು ಒಂದು ಪುಕ್ಕಟೆ ಸಿಗತೈತಿ ಮಾವಾ, ನಾನು ಹಾಕಿ ನೋಡೇನಿ. ಮೊದಲನೇ ದಿನಽ 317 ಹಿಡೀತು! ಕಣ್ಣು ಮುಚ್ಚಿ ಹಾಕ್ರಿ’ ಎಂದ. ಬಲೆಯಲ್ಲಿ ಮೀನು ಬಿದ್ದಷ್ಟು ಸಂತೋಷ ಅವನ ದನಿಯಲ್ಲಿತ್ತು.

ಎರಡನೆಯದು ಸವಣೂರಿನದು. ಅಲ್ಲಿ ದೊಡ್ಡಪ್ಪನ ಮಗ ಬಿ.ಕಾಂ. ಓದುತ್ತಾನೆ. ‘ಅದರ ಹೆಸರು ತಗೀಬ್ಯಾಡ್ರಿ ಕಾಕಾ. ಹಾಕಿದ ದಿವಸದಿಂದ ಕಂಪ್ಯೂಟರ್ ಮಲಕೊಂಡೈತಿ. ಮೂರನೇ ದಿವಸಕ್ಕ ತಗದು ಒಗದೆ’ ಎಂದ. ವಿಚಾರಿಸಿದರೆ, ಹಣ ಕೊಟ್ಟು ತಂದ ಇನ್ನೊಂದು ಕಾವಲು ತಂತ್ರಾಂಶ ಅವನಲ್ಲಿ ಮೊದಲೇ ಇತ್ತು. ಅದರ ಮೇಲೆ ಇದನ್ನೂ ಹೇರಿದ್ದ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತು, ಬಂದವರನ್ನೆಲ್ಲ ಎರಡೆರಡು ಸಲ ತಡಕಾಡಿ, ನಡುನಡುವೆ ಒಬ್ಬರನ್ನೊಬ್ಬರು ಸಂಶಯಿಸಿದರೆ ಮನೆಯ ಕೆಲಸ ಸಾಗುವುದಾದರೂ ಹೇಗೆ?

ಮೂರನೆಯದು ಹಿರೇಕೆರೂರಿನ ಅಜ್ಜನದು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಸರ್ವಜ್ಞನ ಅಬಲೂರಿನ ಸೀಮೆಯವರಾದ್ದರಿಂದಲೋ ಏನೋ, ಮಾತು ಮೂರೇ ಸಾಲು. ‘ಪುಕ್ಕಟೆ ತಪಾಸಣಿ ಅಂದ್ರು. 42 ರೋಗ ಅದಾವು ಅಂದ್ರು. ಔಷಧಕ್ಕ ರೊಕ್ಕ ಕೇಳಿದ್ರು.’ ಅಜ್ಜ ಕಾರ್ಡಿನ ನಂಬರು ಒತ್ತುವಷ್ಟರಲ್ಲಿ ಮೊಮ್ಮಗಳು ನೋಡಿ ತಡೆದಿದ್ದಳು. ಅಂದಿನಿಂದ ಅವರ ತೀರ್ಪು ಒಂದೇ: ಯಾವುದನ್ನೂ ನಂಬಬೇಡಿ.

ಒಬ್ಬ ಹಾಕು ಎಂದ, ಒಬ್ಬ ತೆಗೆ ಎಂದ, ಒಬ್ಬರು ಮುಟ್ಟಲೇ ಬೇಡ ಎಂದರು. ತಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಾಗ ಮಗಳು ಒಂದು ಮಾತು ಹೇಳಿದಳು: ‘ಮಾಮಾ ಎಷ್ಟು ಸಿಕ್ಕಾವು ಅಂತ ಎಣಿಸಿದ. ಅಣ್ಣ ಎಷ್ಟು ನಿಧಾನ ಆತು ಅಂತ ನೋಡಿದ. ಅಜ್ಜ ಎಷ್ಟು ಹೆದರಿಸಿದ್ರು ಅಂತ ಹೇಳಿದ್ರು. ಖರೇ ಕಳ್ಳ ಸಿಕ್ಕನೋ ಇಲ್ಲೋ, ಅದನ್ನ ಯಾರೂ ನೋಡಿಲ್ಲಪ್ಪಾ.’

ಮಾತು ಸರಿಯಾಗಿತ್ತು. ಶಿಗ್ಗಾವಿಯ 317ರ ಪಟ್ಟಿಯನ್ನು ಆಕೆ ತರಿಸಿ ನೋಡಿದಾಗ ಹೆಚ್ಚಿನವು ‘ಕುಕೀ’ಗಳಾಗಿದ್ದವು. ನೀವು ನೋಡಿದ ಜಾಲತಾಣ ನಿಮ್ಮ ಗುರುತಿಗಾಗಿ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿಯೇ ಕುಕೀ. ಕೆಲವು ಚೀಟಿಗಳು ಜಾಹೀರಾತಿನವರಿಗೆ ನಿಮ್ಮ ಜಾಡು ತಿಳಿಸುತ್ತವೆ ನಿಜ. ಆದರೆ ಅವು ತಾವಾಗಿ ಓಡುವ ಪ್ರೋಗ್ರಾಂಗಳಲ್ಲ, ಕೀಲಿ ಒತ್ತಿದ್ದನ್ನು ಕದಿಯಲಾರವು. ಅಂಗಳದ ಕಸಕಡ್ಡಿಯನ್ನೆಲ್ಲ ಹಾವೆಂದು ಲೆಕ್ಕ ಕೊಟ್ಟರೆ ಸಂಖ್ಯೆ ದೊಡ್ಡದಾಗುತ್ತದೆ, ಮನೆ ಸುರಕ್ಷಿತವಾಗುವುದಿಲ್ಲ.

ಅಜ್ಜನ ಅನುಭವವಂತೂ ಹಳೆಯ ಕಥೆ. 2000ರಲ್ಲಿ ಅಮೆರಿಕದ ಸ್ಟೀವ್ ಗಿಬ್ಸನ್ ‘ಆಪ್ಟ್‌ಔಟ್’ ಎಂಬ ಬೇಹು ನಿವಾರಕ ತಂತ್ರಾಂಶವನ್ನು ಬರೆದ ಕಾಲಕ್ಕೆ ಅಂಥವು ಕೈಬೆರಳೆಣಿಕೆಯಷ್ಟೇ ಇದ್ದವು. ಅವಕ್ಕೆ ಜನಪ್ರಿಯತೆ ಬಂದದ್ದೇ ತಡ, ಕಳ್ಳರೂ ಕಾವಲುಗಾರನ ವೇಷ ತೊಟ್ಟರು. ‘ವಿನ್‌ಫಿಕ್ಸರ್’ ಮುಂತಾದ ಹೆಸರಿನ ನಕಲಿ ತಂತ್ರಾಂಶಗಳು ಇಲ್ಲದ ರೋಗ ತೋರಿಸಿ ಔಷಧ ಮಾರಿದವು. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಗಿ ಅದನ್ನು ತಡೆಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸಹೋಗಿದ್ದರು. ಇಂದು ಅದೇ ನಾಟಕ ಹೊಸ ಹೆಸರುಗಳಲ್ಲಿ ನಡೆದಿದೆ. ಪರದೆ ಕೆಂಪಾಗಿ ಕೂಗಿಕೊಂಡರೆ, ಫೋನು ಮಾಡಿ ಎಂದು ನಂಬರು ಕೊಟ್ಟರೆ, ಆ ಕಿಟಕಿಯನ್ನು ಮುಚ್ಚುವುದೇ ಮದ್ದು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ ಅದು.

ನಕಲಿಯದು ಹೋಗಲಿ, ಅಸಲಿ ಬೇಲಿಯೂ ಮೇಯ್ದದ್ದುಂಟು. ಅವಾಸ್ಟ್ ಎಂಬುದು ಜಗತ್ತಿನಾದ್ಯಂತ ಕೋಟ್ಯಂತರ ಜನ ಪುಕ್ಕಟೆಯಾಗಿ ಬಳಸಿದ ವೈರಸ್ ನಿರೋಧಕ. ಅದರ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರೆಂಬ ಮಾಹಿತಿಯನ್ನು ‘ಜಂಪ್‌ಶಾಟ್’ ಎಂಬ ಅಂಗಸಂಸ್ಥೆ ಮಾರುತ್ತಿದೆ ಎಂಬುದು 2020ರ ಜನವರಿಯಲ್ಲಿ ಬಯಲಾಯಿತು. ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅದೇ ಟ್ರೇಡ್ ಕಮಿಷನ್ ಕಂಪನಿಗೆ 1.65 ಕೋಟಿ ಡಾಲರ್ ಕೊಡಬೇಕೆಂದು ವಿಧಿಸಿತು. ಪುಕ್ಕಟೆ ಕಾವಲುಗಾರನಿಗೆ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಕುಹಕವಲ್ಲ, ಜಾಣತನ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮಗಳು ಪ್ರಯೋಗಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹುಡುಕಿ ಗೆರೆ ಎಳೆದಳು. ವಿಜ್ಞಾನದ ಪ್ರಯೋಗದಲ್ಲಿ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು. ಎರಡನ್ನು ಬದಲಿಸಿದರೆ ಫಲಕ್ಕೆ ಯಾವುದು ಕಾರಣವೆಂದು ತಿಳಿಯದು. ಸವಣೂರಿನ ಅಣ್ಣ ಎಡವಿದ್ದು ಅಲ್ಲೇ. ಆಕೆ ಮೊದಲು ಅಂಗಡಿಯ ಲೆಕ್ಕವನ್ನೂ ತನ್ನ ಅಂಕಪಟ್ಟಿಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದಳು. ಕಂಪ್ಯೂಟರು ಹೊತ್ತಿಕೊಳ್ಳಲು ಹಿಡಿಯುವ ಸಮಯವನ್ನು ಮೂರು ಸಲ ಅಳೆದು ಸರಾಸರಿ ಬರೆದಳು. ಆಮೇಲೆ ಕಂಪ್ಯೂಟರಿನಲ್ಲೇ ಇದ್ದ ಕಾವಲನ್ನು ಪರೀಕ್ಷೆಗೆ ಕೂರಿಸಿದಳು.

ಆ ಕಾವಲಿಗೂ ಒಂದು ಚರಿತ್ರೆಯಿದೆ. 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಜೈಂಟ್’ ಎಂಬ ಸಣ್ಣ ಕಂಪನಿಯನ್ನು ಅದರ ಬೇಹು ನಿವಾರಕದ ಸಮೇತ ಕೊಂಡಿತು. ಅದೇ 2006ರಲ್ಲಿ ‘ವಿಂಡೋಸ್ ಡಿಫೆಂಡರ್’ ಆಗಿ ಹೊರಬಂದು, 2012ರ ವಿಂಡೋಸ್ 8ರಿಂದ ವೈರಸ್ಸನ್ನೂ ತಡೆಯುವ ಪೂರ್ಣ ಕಾವಲಾಯಿತು. ಹೊಸ ವಿಂಡೋಸ್ ಇರುವ ಮನೆಗಳಲ್ಲಿ ಇದು ಬೇರೆ ಖರ್ಚಿಲ್ಲದೆ ಇದ್ದೇ ಇರುತ್ತದೆ; ಇದೆಯೆಂದು ಗೊತ್ತಿರುವುದಿಲ್ಲ, ಅಷ್ಟೇ.

ಕಾವಲು ಎಚ್ಚರವಿದೆಯೇ ಎಂದು ನೋಡಲು ‘ಐಕಾರ್’ ಎಂಬ ಪರೀಕ್ಷಾ ಕಡತವಿದೆ. ಬರೀ 68 ಅಕ್ಷರಗಳ ಈ ಕಡತದಿಂದ ಯಾವ ಹಾನಿಯೂ ಇಲ್ಲ. ಆದರೂ ಅದನ್ನು ಕಂಡಕೂಡಲೇ ವೈರಸ್ ಕಂಡಂತೆ ಕೂಗಬೇಕೆಂದು ನಿರೋಧಕಗಳನ್ನು ತಯಾರಿಸುವವರು ಒಪ್ಪಿಕೊಂಡಿದ್ದಾರೆ. ನಿದ್ದೆಗಣ್ಣಿನ ಕಾವಲುಗಾರನ ಕಿವಿಯ ಬಳಿ ಚಪ್ಪಾಳೆ ತಟ್ಟಿದಂತೆ. ಅವನು ಜಾಣನೇ ಎಂಬುದು ಇದರಿಂದ ತಿಳಿಯದು, ಎದ್ದಿದ್ದಾನೆ ಎಂಬುದು ತಿಳಿಯುತ್ತದೆ. ಡಿಫೆಂಡರ್ ಎದ್ದೇ ಇತ್ತು. ‘ಅನಗತ್ಯ ಪ್ರೋಗ್ರಾಂಗಳನ್ನೂ ತಡೆ’ ಎಂಬ ಆಯ್ಕೆಯನ್ನು ಒತ್ತಿ ಪೂರ್ಣ ತಪಾಸಣೆಗೆ ಬಿಟ್ಟಾಗ ಒಂದು ಸಿಕ್ಕಿತು. ಅಂಕಪಟ್ಟಿಯ ಪಿಡಿಎಫ್ ಚಿಕ್ಕದು ಮಾಡಲೆಂದು ಮಗಳೇ ಎಲ್ಲಿಂದಲೋ ಇಳಿಸಿಕೊಂಡಿದ್ದ ಪುಕ್ಕಟೆ ಪ್ರೋಗ್ರಾಂ ಅದು. ತನ್ನ ಜೊತೆಗೆ ಜಾಹೀರಾತಿನ ಜಾತ್ರೆಯನ್ನೂ ಕರೆತಂದಿತ್ತು. ‘ಮುಂದೆ, ಮುಂದೆ’ ಎಂದು ಓದದೆ ಒತ್ತಿದ್ದರ ಫಲ. ಆಕೆ ನಾಚಿಕೊಂಡೇ ಅದನ್ನು ಬರೆದುಕೊಂಡಳು.

ಆಮೇಲೆ ಮಾವ ಹೇಳಿದ ಹೊಸ ತಂತ್ರಾಂಶದ ಸರದಿ. ಅದನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿ ಹಾಕಿದಳು. ಅದು ಕುಕೀಗಳ ಉದ್ದ ಪಟ್ಟಿ ಕೊಟ್ಟಿತು. ಪಟ್ಟಿಯ ಕೊನೆಗೆ ಮಾತ್ರ ಬೇರೆಯದೇ ಒಂದು ಹೆಸರು: ಕೀಲಿ ಒತ್ತಿದ್ದನ್ನೆಲ್ಲ ದಾಖಲಿಸಿ, ಪರದೆಯ ಚಿತ್ರ ತೆಗೆದು ಹೊರಗೆ ಕಳಿಸುವ ಪ್ರೋಗ್ರಾಂ. ಇದು ಡಿಫೆಂಡರಿನ ಕಣ್ಣಿಗೆ ಏಕೆ ಬೀಳಲಿಲ್ಲ? ಆಕೆ ಕೆದಕಿ ನೋಡಿದಳು. ಅದು ಕುಳಿತಿದ್ದ ಜಾಗವನ್ನು ತಪಾಸಣೆಯಿಂದ ಬಿಡಬೇಕೆಂದು ಡಿಫೆಂಡರಿಗೆ ಯಾರೋ ಅಪ್ಪಣೆ ಕೊಟ್ಟಿದ್ದರು. ‘ಇವನು ನಮ್ಮವನು, ತಡೆಯಬೇಡ’ ಎಂದು ಕಾವಲುಗಾರನ ಕಿವಿಯಲ್ಲಿ ಹೇಳಿದ್ದು ಮನೆಯೊಳಗಿನವರೇ ಇರಬೇಕು. ಹಾಕಿದ ತಾರೀಖು ಹಿಂದಿನ ವರ್ಷದ ಜುಲೈ.

ಮಗಳು ತಾರೀಖನ್ನು ಗಟ್ಟಿಯಾಗಿ ಓದಿದಳು. ತಂದೆಯ ಮುಖ ಇಳಿಯಿತು.

‘ಅದನ್ನ ನಾನಽ ಹಾಕ್ಸೇನವ್ವಾ’ ಎಂದರು ಅವರು ಬಹಳ ಹೊತ್ತಿನ ಮೇಲೆ. ‘ನೀ ರಾತ್ರಿ ಹನ್ನೊಂದರ ತನಕಾ ಅದರ ಮುಂದ ಕುಂದ್ರತಿದ್ದಿ. ಪೇಪರ್‌ನ್ಯಾಗ ಏನೇನೋ ಓದಿದ್ದೆ. ಹೆದರಿಕಿ ಆತು. ಪರಿಚಯದವರು ಒಬ್ಬರು ಹಾಕಿ ಕೊಟ್ರು.’

ಮನೆಯಲ್ಲಿ ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಮಗಳೇ ಮಾತು ತೆಗೆದಳು. ‘ಅಪ್ಪಾ, ಅದು ನನ್ನ ಗೆಳತ್ಯಾರಿಗೆ ನಾ ಬರದಿದ್ದು ಅಷ್ಟಽ ನೋಡಿಲ್ಲ. ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಸುದ್ದಾ ನೋಡೈತಿ. ಎಲ್ಲಾ ಎಲ್ಲಿಗೆ ಹೋಗೈತಿ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಕೇಳಿದ್ರ ನಾನಽ ಹೇಳತಿದ್ದೆ. ನನ್ನ ಕಾಯಾಕ ಗುರುತಿಲ್ಲದವರನ್ನ ಮನ್ಯಾಗ ಕರದು ಕುಂದ್ರಿಸಿದ್ರಿ.’

ತಂದೆಗೆ ಇದಕ್ಕೆ ಉತ್ತರವಿರಲಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ಮಕ್ಕಳ ಬೆನ್ನು ಹತ್ತುವ ಅಪಾಯಗಳು ಜಾಲದಲ್ಲಿ ಇದ್ದೇ ಇವೆ. ಚಿಕ್ಕ ಮಕ್ಕಳಿಗೆ ಹೊತ್ತಿನ ಮಿತಿ, ತಾಣಗಳ ಮಿತಿ ಹಾಕುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಮಗುವಿಗೆ ತಿಳಿಸಿಯೇ ಹಾಕಬಹುದು. ತಿಳಿಸಿ ಹಾಕಿದ್ದು ಶಿಸ್ತು, ತಿಳಿಸದೆ ಹಾಕಿದ್ದು ಬೇಹುಗಾರಿಕೆ. ತಂತ್ರಾಂಶ ಎರಡಕ್ಕೂ ಒಂದೇ ಇದ್ದೀತು, ಮನೆಯಲ್ಲಿ ಅವು ಬಿಡುವ ಗುರುತು ಬೇರೆ.

ಅಂದು ಇಬ್ಬರೂ ಒಟ್ಟಿಗೆ ಕುಳಿತು ಎರಡನ್ನೂ ಕಿತ್ತುಹಾಕಿದರು. ಡಿಫೆಂಡರಿಗೆ ಕೊಟ್ಟಿದ್ದ ಅಪ್ಪಣೆಯನ್ನು ಹಿಂತೆಗೆದರು. ಗುಪ್ತಪದಗಳನ್ನೆಲ್ಲ ತಾಯಿಯ ಮೊಬೈಲಿನಿಂದ ಬದಲಿಸಿದರು. ಕಳ್ಳ ಕುಳಿತಿದ್ದ ಯಂತ್ರದಲ್ಲೇ ಹೊಸ ಬೀಗ ಮಾಡಿಸಬಾರದಷ್ಟೆ. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಿಂದ ಉಚಿತ ಶುದ್ಧೀಕರಣ ಸಾಧನವೊಂದನ್ನು ಇಳಿಸಿ ಮತ್ತೊಮ್ಮೆ ನೋಡಿದರು. ಏನೂ ಸಿಗಲಿಲ್ಲ. ಹೊಸ ತಂತ್ರಾಂಶವನ್ನೂ ಕೆಲಸ ಮುಗಿದ ಮೇಲೆ ತೆಗೆದರು. ಎರಡನೆಯ ವೈದ್ಯನ ಅಭಿಪ್ರಾಯ ಒಳ್ಳೆಯದೇ, ಹಾಗೆಂದು ಅವನನ್ನು ಮನೆಯಲ್ಲೇ ಇರಿಸಿಕೊಳ್ಳಬೇಕಿಲ್ಲ. ಕಂಪ್ಯೂಟರು ಒಳಕೋಣೆಯಿಂದ ಪಡಸಾಲೆಗೆ ಬಂತು. ಅಂಗಡಿಯ ಲೆಕ್ಕವೂ ಈಗ ಎಲ್ಲರ ಕಣ್ಣೆದುರೇ.

ಸಂಜೆ ಶಿಗ್ಗಾವಿಯಿಂದ ಫೋನು ಬಂತು. ‘ಎಷ್ಟು ಸಿಕ್ಕಾವು?’

‘ಎರಡಽ ಮಾಮಾ.’

‘ಬರೇ ಎರಡ? ನಂದು 317 ಹಿಡದಿತ್ತಲ್ಲಬೇ!’

‘ಎರಡಽ ಖರೇ ಇದ್ದವು. ಒಂದು ನಾ ತಂದದ್ದು, ಒಂದು ಅಪ್ಪಾ ತಂದದ್ದು’ ಎಂದಳು ಮಗಳು. ಪಕ್ಕದಲ್ಲಿ ಕುಳಿತಿದ್ದ ತಂದೆ ಆ ಮಾತಿಗೆ ಮೊದಲ ಸಲ ನಕ್ಕರು.