ಸಿಯಾಟಲ್‌ನಿಂದ ಪಿಸ್ಕಾಟವೇಗೆ ಬಂದ ಕವಾಸುಮಿ

ನ್ಯೂಜೆರ್ಸಿಯಲ್ಲಿರೋ ನಮ್ಮಂಥವರಿಗೆ ಪಿಸ್ಕಾಟವೇ ಅಂದ್ರೆ ಕೈಗೆಟುಕೋ ಬಾಡಿಗೆ, ರಟ್ಗರ್ಸ್ ವಿಶ್ವವಿದ್ಯಾಲಯ, ಪಕ್ಕದಲ್ಲೇ ಎಡಿಸನ್‌ನ ದಿನಸಿ ಅಂಗಡಿಗಳು. ಅದೇ ಊರಲ್ಲಿ ಯುರ್ಕಾಕ್ ಫೀಲ್ಡ್ ಅಂತ ಒಂದು ಮೈದಾನ ಇದೆ. ಸುಮಾರು ಐದು ಸಾವಿರ ಜನ ಕೂರಬಹುದು. ವಿಶ್ವಕಪ್ ಗೆದ್ದ ಜಪಾನಿನ ಫಾರ್ವರ್ಡ್ ಆಟಗಾರ್ತಿ ನಹೋಮಿ ಕವಾಸುಮಿ 2019ರಲ್ಲಿ ಅಲ್ಲಿ ಆಡ್ತಿದ್ದರು. ಆಗ ನಾವು ನಾಲ್ಕು ಜನ ಒಂದೇ ಮನೆಯಲ್ಲಿದ್ದೆವು. ಇಬ್ಬರು ಸಾಫ್ಟ್‌ವೇರ್ ಕಾಂಟ್ರ್ಯಾಕ್ಟ್‌ನವರು, ಒಬ್ಬ ಗೋದಾಮಿನವನು, ಒಬ್ಬ ದಿನಸಿ ಅಂಗಡಿಯವನು. ಫುಟ್‌ಬಾಲ್ ಅರ್ಥ ಆಗ್ತಿದ್ದದ್ದು ಬೆಂಗಳೂರಿನ ಆಸ್ಟಿನ್ ಟೌನ್‌ನವನಿಗೆ ಮಾತ್ರ. ಉಳಿದ ಮೂವರನ್ನ ಎಳೆದುಕೊಂಡು ಹೋದವನೂ ಅವನೇ.

ಕವಾಸುಮಿ ಯಾರು ಅನ್ನೋದಕ್ಕೆ ಒಂದೇ ಪಂದ್ಯ ಹೇಳಿದ್ರೆ ಸಾಕು. 2011ರ ಜುಲೈ 13, ಜರ್ಮನಿಯ ಫ್ರಾಂಕ್‌ಫರ್ಟ್, ವಿಶ್ವಕಪ್ ಸೆಮಿಫೈನಲ್. ಸ್ವೀಡನ್ ಮೊದಲ ಗೋಲು ಹೊಡೆದಿತ್ತು. ಆ ಟೂರ್ನಿಯಲ್ಲಿ ಅಲ್ಲಿವರೆಗೆ ಶುರುವಿನ ಹನ್ನೊಂದರಲ್ಲಿ ಕವಾಸುಮಿಗೆ ಜಾಗ ಇರಲಿಲ್ಲ, ಅವತ್ತೇ ಮೊದಲು. 19ನೇ ನಿಮಿಷಕ್ಕೆ ಸಮ ಮಾಡಿದರು. 64ನೇ ನಿಮಿಷದಲ್ಲಿ ಸ್ವೀಡನ್‌ನ ಗೋಲ್‌ಕೀಪರ್ ಮುಂದೆ ಓಡಿಬಂದಿದ್ದಾಗ, ತುಂಬಾ ದೂರದಿಂದ ಆಕೆಯ ತಲೆ ಮೇಲೆ ಚೆಂಡು ಎತ್ತಿ ಖಾಲಿ ಗೋಲಿಗೆ ಹಾಕಿದರು. 3-1. ನಾಲ್ಕು ದಿನ ಕಳೆದು ಫೈನಲ್‌ನಲ್ಲಿ ಜಪಾನ್ ಅಮೆರಿಕವನ್ನ ಪೆನಾಲ್ಟಿಯಲ್ಲಿ ಸೋಲಿಸಿತು. ಆ ವರ್ಷ ಮಾರ್ಚ್ 11ಕ್ಕೆ ಅವರ ದೇಶದಲ್ಲಿ ಭೂಕಂಪ, ಸುನಾಮಿ ಆಗಿತ್ತು. ಅದೇ ತಂಡದ ಕರೀನಾ ಮರುಯಾಮ ಮುಂಚೆ ಫುಕುಷಿಮಾದ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿಕೊಂಡು ಆ ಕಂಪನಿಯ ತಂಡಕ್ಕೆ ಆಡಿದವರು. ಇದನ್ನ ಕೇಳಿ ಆಸ್ಟಿನ್ ಟೌನ್ ಗೆಳೆಯ, ‘ನಮ್ಮಲ್ಲೂ ಹೀಗೇ ಅಲ್ವೇನ್ರೋ, ಐಟಿಐ, ಎಚ್‌ಎಎಲ್ ತಂಡಕ್ಕೆ ಆಡಿದ್ರೆ ಕಾರ್ಖಾನೇಲಿ ನೌಕರಿ’ ಅಂದ.

ಆ ಮಟ್ಟದ ಆಟಗಾರ್ತಿ ಪಿಸ್ಕಾಟವೇಗೆ ಹೇಗೆ ಬಂದ್ರು? ನಮಗೆ ಗೋಲಿಗಿಂತ ಈ ಪ್ರಶ್ನೆಯೇ ಹೆಚ್ಚು ಹಿಡಿಸಿತು, ಯಾಕಂದ್ರೆ ಅದರ ಉತ್ತರದಲ್ಲಿರೋ ಮಾತೆಲ್ಲ ನಮಗೆ ಗೊತ್ತಿರೋದೇ.

1985ರಲ್ಲಿ ಕನಗಾವಾ ಪ್ರಾಂತ್ಯದ ಯಮಾಟೋದಲ್ಲಿ ಹುಟ್ಟಿದ ಅವರು 2008ರಿಂದ ಕೋಬೆ ನಗರದ ಐನ್ಯಾಕ್ ಕ್ಲಬ್‌ನಲ್ಲಿದ್ದರು. 2014ರಲ್ಲಿ ಆ ಕ್ಲಬ್ ಅವರನ್ನ ಅಮೆರಿಕದ ಸಿಯಾಟಲ್ ರೇನ್‌ಗೆ ಒಂದು ಸೀಸನ್ ಮಟ್ಟಿಗೆ ಕೊಟ್ಟಿತು. ಫುಟ್‌ಬಾಲ್‌ನಲ್ಲಿ ಇದಕ್ಕೆ ‘ಲೋನ್’ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಂಬಳದ ಕಂಪನಿ ಅಲ್ಲಿ, ಕ್ಲೈಂಟ್ ಇಲ್ಲಿ. ಆ ವರ್ಷ ಲೀಗ್‌ನ ಅತ್ಯುತ್ತಮ ಹನ್ನೊಂದರಲ್ಲಿ ಅವರ ಹೆಸರೂ ಬಂತು. ವಾಪಸ್ ಹೋಗಿ, 2016ರಲ್ಲಿ ಮತ್ತೆ ಸಿಯಾಟಲ್‌ಗೆ ಬಂದರು. 2017ರಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಗೋಲಿಗೆ ಪಾಸ್ ಕೊಟ್ಟರು. 2019ಕ್ಕೆ ದೇಶದ ಈ ತುದಿಗೆ, ಸ್ಕೈ ಬ್ಲೂ ಎಫ್‌ಸಿ ಅನ್ನೋ ನ್ಯೂಜೆರ್ಸಿಯ ತಂಡಕ್ಕೆ.

ಈ ಲೀಗಿನ ಪದ್ಧತಿ ಸ್ವಲ್ಪ ಹೇಳಬೇಕು. ಆ ಕಾಲದಲ್ಲಿ ಒಂದು ಕ್ಲಬ್ ತನ್ನ ಆಟಗಾರ್ತಿಯನ್ನ ಅವರ ಒಪ್ಪಿಗೆ ಕೇಳದೆ ಇನ್ನೊಂದು ಕ್ಲಬ್‌ಗೆ ಬದಲಿ ಕೊಡಬಹುದಿತ್ತು. 2024ರ ಹೊಸ ಒಪ್ಪಂದ ಬಂದ ಮೇಲೆ ಒಪ್ಪಿಗೆ ಇಲ್ಲದೆ ಹಾಗೆ ಮಾಡೋಹಾಗಿಲ್ಲ. ಜೊತೆಗೆ ಪ್ರತಿ ತಂಡಕ್ಕೂ ವಿದೇಶಿಯರಿಗೆ ಇಂತಿಷ್ಟೇ ‘ಸ್ಲಾಟ್’. ಗ್ರೀನ್ ಕಾರ್ಡ್ ಇದ್ರೆ ಆ ಲೆಕ್ಕಕ್ಕೆ ಬರಲ್ಲ. ಆ ಸ್ಲಾಟನ್ನೇ ಕ್ಲಬ್‌ಗಳು ಪರಸ್ಪರ ಮಾರಾಟ ಮಾಡ್ತವೆ. ವಿದೇಶಿ ಆಟಗಾರರು ಸಾಮಾನ್ಯವಾಗಿ ಬರೋ ಪಿ-1 ವೀಸಾಕ್ಕೂ ಅರ್ಜಿ ಹಾಕೋರು ಅವರಲ್ಲ, ಕರೆಸಿಕೊಳ್ಳೋ ಕಡೆಯವರು. ಇದನ್ನ ಓದಿದ ದಿನ ನಮ್ಮ ಅಡುಗೆಮನೆಯಲ್ಲಿ ಒಳ್ಳೇ ನಗು. ನಮ್ಮಲ್ಲಿ ದಾವಣಗೆರೆಯವನು ಕೂಡ ಸಿಯಾಟಲ್ ಕಡೆಯಿಂದಲೇ ಬಂದವನು. ಪ್ರಾಜೆಕ್ಟ್ ಮುಗೀತು, ‘ಸೋಮವಾರದೊಳಗೆ ನ್ಯೂಜೆರ್ಸಿಯಲ್ಲಿರು’ ಅಂತ ಅವನ ಕಂಪನಿ ಒಂದು ಮೇಲ್ ಹಾಕಿತ್ತು. ಎರಡು ಸೂಟ್‌ಕೇಸ್, ಒಂದು ಕುಕ್ಕರ್ ಹಿಡ್ಕೊಂಡು ಬಂದಿದ್ದ.

ಸಂಬಳದ ವಿಷಯ. 2019ರಲ್ಲಿ ಆ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 16,538 ಡಾಲರ್, ಗರಿಷ್ಠ 46,200. ಕನಿಷ್ಠದಲ್ಲಿದ್ದವರಿಗೆ ನಮ್ಮ ಗೋದಾಮಿನವನ ಸಂಬಳಕ್ಕಿಂತ ಕಡಿಮೆ! ಅವನು ಮೊದಲು ನಂಬಲೇ ಇಲ್ಲ, ತಿಂಗಳ ಲೆಕ್ಕ ಅಂದ್ಕೊಂಡ.

ಸ್ಕೈ ಬ್ಲೂ ಆಗ ಒಳ್ಳೇ ಹೆಸರಿನ ಜಾಗವೂ ಆಗಿರಲಿಲ್ಲ. 2018ರಲ್ಲಿ ಇಡೀ ಸೀಸನ್ನಿಗೆ ಗೆದ್ದದ್ದು ಒಂದೇ ಪಂದ್ಯ. ಅದೇ ವರ್ಷ ಆಟಗಾರ್ತಿಯರ ವಸತಿ ಸರಿಯಿಲ್ಲ, ತರಬೇತಿ ಜಾಗದಲ್ಲಿ ಸ್ನಾನದ ವ್ಯವಸ್ಥೆ ಇಲ್ಲ ಅನ್ನೋ ದೂರುಗಳು ಪತ್ರಿಕೆಗಳಲ್ಲಿ ಬಂದವು. ತಂಡದ ಮಾಲೀಕರಲ್ಲಿ ಒಬ್ಬರು ಆಗಿನ ರಾಜ್ಯಪಾಲ ಫಿಲ್ ಮರ್ಫಿ. ಹಾಗಾಗಿ ಸುದ್ದಿ ದೊಡ್ಡದಾಯಿತು. 2019ರ ಶುರುವಿನಲ್ಲಿ ಈ ತಂಡ ಆರಿಸಿಕೊಂಡಿದ್ದ ಇಬ್ಬರು ಅಮೆರಿಕನ್ ಹುಡುಗಿಯರು, ಹೇಲಿ ಮೇಸ್ ಮತ್ತು ಜೂಲಿಯಾ ಆಶ್ಲಿ, ಇಲ್ಲಿಗೆ ಬರದೆ ಸ್ವೀಡನ್‌ನ ಕ್ಲಬ್‌ಗಳಿಗೆ ಹೊರಟುಹೋದರು.

ಆ ಹುಡುಗಿಯರು ಮಾಡಿದ್ದು ಸರಿ ಅಂತಲೇ ನಮ್ಮ ನಾಲ್ವರ ಅಭಿಪ್ರಾಯ. ಬೇಡ ಅನ್ನೋರು ಯಾರಾದ್ರೂ ಇದ್ದಾಗಲೇ ಸ್ನಾನದ ಮನೆಗೆ ನೀರು ಬರೋದು. ಆದ್ರೆ ಕವಾಸುಮಿ ಬಂದರು. ಅವರ ಮನಸ್ಸಲ್ಲಿ ಏನಿತ್ತೋ, ನಾವು ಹೇಳೋಕಾಗಲ್ಲ. ನಮ್ಮಲ್ಲಿ ಮಾತ್ರ ಜಗಳ ಆಯ್ತು. ‘33 ವಯಸ್ಸು, ವಿಶ್ವಕಪ್ ಪದಕ ಇದೆ, ಇಂಥ ಕಡೆ ಯಾಕೆ ಬರಬೇಕಿತ್ತು?’ ಅಂತ ಅಂಗಡಿಯವನು. ‘ನೀನ್ಯಾಕೆ ಬಂದೆ, ಎಂ.ಕಾಂ. ಮಾಡ್ಕೊಂಡು?’ ಅಂತ ದಾವಣಗೆರೆಯವನು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಲಸ ಹೋದ್ರೆ ಎಚ್-1ಬಿಯವರಿಗೆ ಸಿಗೋದು ಹೆಚ್ಚೆಂದ್ರೆ 60 ದಿನ. ಬೇಡ ಅನ್ನೋ ಮಾತು ನಾಲಿಗೆ ತುದಿಗೆ ಬಂದಾಗಲೆಲ್ಲ ಆ ಅರವತ್ತೂ ಬರುತ್ತೆ.

ಮೈದಾನದಲ್ಲಿ ನಾವು ನೋಡಿದ ಕವಾಸುಮಿ ಹೀಗೆ: ಸಣ್ಣ ಮೈಕಟ್ಟು, ಬಲಗಡೆ ಅಂಚಿಗೆ ಅಂಟಿಕೊಂಡ ಓಟ, ತಲೆ ಎತ್ತಿ ನೋಡಿ ಚೆಂಡು ಒಳಗೆ ಹಾಕೋದು. ಸಹ ಆಟಗಾರ್ತಿ ತಪ್ಪಿಸಿಕೊಂಡ್ರೆ ಮುಖ ಸಿಂಡರಿಸದೆ ಹಿಂದಕ್ಕೆ ಓಡಿಬಿಡ್ತಿದ್ರು.

ಆ ಸಹ ಆಟಗಾರ್ತಿಯರಲ್ಲಿ ಒಬ್ಬರು ಕಾರ್ಲಿ ಲಾಯ್ಡ್. ನ್ಯೂಜೆರ್ಸಿಯ ಡೆಲ್ರಾನ್ ಊರಿನವರೇ. ಇವರಿಬ್ಬರ ಲೆಕ್ಕ ಹಳೇದು. 2011ರ ಫೈನಲ್‌ನಲ್ಲಿ ಲಾಯ್ಡ್ ಪೆನಾಲ್ಟಿ ಮೇಲಕ್ಕೆ ಹೊಡೆದು ಕಳೆದುಕೊಂಡರು, ಕವಾಸುಮಿಯ ಜಪಾನ್ ಗೆದ್ದಿತು. 2012ರ ಲಂಡನ್ ಒಲಿಂಪಿಕ್ ಫೈನಲ್‌ನಲ್ಲಿ ಅಮೆರಿಕದ ಎರಡೂ ಗೋಲು ಲಾಯ್ಡ್‌ರದ್ದು, ಜಪಾನ್‌ಗೆ ಬೆಳ್ಳಿ. 2015ರ ವಿಶ್ವಕಪ್ ಫೈನಲ್‌ನಲ್ಲಿ ಲಾಯ್ಡ್ 16 ನಿಮಿಷದೊಳಗೆ ಮೂರು ಗೋಲು ಹಾಕಿದರು. ಅವತ್ತು ಕವಾಸುಮಿಯನ್ನ ಅರ್ಧ ಆಟ ಮುಗಿಯೋ ಮುಂಚೆಯೇ ಹೊರಗೆ ಕರೆಸಿಕೊಂಡಿದ್ದರು. ನಾಲ್ಕು ವರ್ಷ ಕಳೆದು ಇಬ್ಬರೂ ಒಂದೇ ಜರ್ಸಿಯಲ್ಲಿ. 2019ರ ಬೇಸಿಗೆಯಲ್ಲಿ ಲಾಯ್ಡ್ ಫ್ರಾನ್ಸ್‌ಗೆ ವಿಶ್ವಕಪ್ ಆಡೋಕೆ ಹೋದರು. ಜಪಾನ್ ತಂಡದಲ್ಲಿ ಕವಾಸುಮಿಯ ಹೆಸರಿರಲಿಲ್ಲ, ಅವರು ನ್ಯೂಜೆರ್ಸಿಯಲ್ಲೇ ಉಳಿದರು. ಊರಲ್ಲಿ ತಂಗಿ ಮದುವೆ ನಡೀತಿರುವಾಗ ಇಲ್ಲಿ ರಾತ್ರಿ ಪಾಳಿ ಮಾಡಿದ ನಮ್ಮ ಗೋದಾಮಿನವನು ಇದನ್ನ ಕೇಳಿ ‘ಪಾಪ’ ಅಂದ. ವಿಶ್ವಕಪ್ ಗೆದ್ದವರಿಗೆ ಅವನು ಪಾಪ ಅಂದದ್ದು ನಮಗೆ ಆಗ ವಿಚಿತ್ರ ಅನ್ನಿಸಲಿಲ್ಲ.

ಆ ವರ್ಷವೇ ಕೆಲವು ಪಂದ್ಯ ಹ್ಯಾರಿಸನ್‌ನ ರೆಡ್ ಬುಲ್ ಅರೀನಾಕ್ಕೆ ಬಂದವು. 25 ಸಾವಿರ ಜನ ಕೂರೋ, ಪಾತ್ ರೈಲು ಇಳಿದು ನಡೆದೇ ಹೋಗಬಹುದಾದ ಜಾಗ. ಆಗಸ್ಟ್‌ನ ಒಂದು ಪಂದ್ಯಕ್ಕೆ 9 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. 2020ರಲ್ಲಿ ಕೋವಿಡ್. ಕವಾಸುಮಿ ಲೋನ್ ಮೇಲೆ ಹಳೇ ಕೋಬೆಗೆ ಹೋಗಿ ಆಡಿ ಮತ್ತೆ ಬಂದರು. ವಿಮಾನ ಇಲ್ಲದೆ, ವೀಸಾ ಸ್ಟಾಂಪಿಂಗ್ ಇಲ್ಲದೆ ನಾವು ಇಲ್ಲೇ ಸಿಕ್ಕಿಕೊಂಡಿದ್ದ ಕಾಲ ಅದು. 2021ರಲ್ಲಿ ತಂಡದ ಹೆಸರು ಗೋಥಮ್ ಎಫ್‌ಸಿ ಅಂತಾಯ್ತು. 2022ರಿಂದ ಲೀಗಿನ ಕನಿಷ್ಠ ಸಂಬಳ 35,000 ಡಾಲರ್‌ಗೆ ಏರಿತು. ಆ ಏರಿಕೆ ಆಟಗಾರ್ತಿಯರ ಸಂಘ ಮೇಜಿನ ಎದುರು ಕೂತು ಕೇಳಿದ್ದರಿಂದ ಬಂದದ್ದು. ಕಾಂಟ್ರ್ಯಾಕ್ಟ್‌ನಲ್ಲಿರೋ ನಮಗೆ ಅಂಥ ಮೇಜೂ ಇಲ್ಲ, ಸಂಘವೂ ಇಲ್ಲ.

2023ರ ನವೆಂಬರ್‌ನಲ್ಲಿ ಗೋಥಮ್ ಮೊದಲ ಸಲ ಲೀಗ್ ಗೆದ್ದಿತು. ಅಷ್ಟರಲ್ಲಿ ಕವಾಸುಮಿ ಇಲ್ಲಿಂದ ಹೊರಟು ಜಪಾನಿನ ನಿಗಾಟದಲ್ಲಿ ಅಲ್ಬಿರೆಕ್ಸ್ ಕ್ಲಬ್‌ಗೆ ಆಡ್ತಿದ್ದರು. ದಾವಣಗೆರೆಯವನೂ ಅಷ್ಟರಲ್ಲಿ ಊರು ಸೇರಿದ್ದ. ಫೈನಲ್ ಫಲಿತಾಂಶ ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆವು. ‘ಕುಕ್ಕರ್ ನಿಮ್ಮ ಹತ್ರಾನೇ ಇದೆಯಲ್ಲ, ಇಟ್ಕೊಳ್ಳಿ’ ಅಂತ ಉತ್ತರ ಬಂತು.