ಊರು ಬಿಟ್ಟ ಮೇಲೆ ಬಂದ ಹೆಸರು

ನನ್ನ ಅಡ್ಡಹೆಸರು ಯಲಬುರ್ಗಿ. ಯಲಬುರ್ಗಾದಲ್ಲಿ ನಮಗೆ ಹೊಲವಿಲ್ಲ, ಮನೆಯಿಲ್ಲ, ಹಳೆಯ ಕಾಗದಪತ್ರವೂ ಇಲ್ಲ. ಊರೊಳಗೇ ಇರುವವರನ್ನು ಊರಿನ ಹೆಸರಿನಿಂದ ಗುರುತಿಸಲಾಗದು. ಅಲ್ಲಿ ಎಲ್ಲರೂ ಅದೇ ಊರಿನವರು. ಹುಬ್ಬಳ್ಳಿಗೋ ಗದಗಿಗೋ ಹೋಗಿ ನೆಲೆಸಿದಾಗಲೇ ಕೊಪ್ಪಳ, ಕುಷ್ಟಗಿ, ಗಂಗಾವತಿ ಅಡ್ಡಹೆಸರುಗಳಾಗುತ್ತವೆ. ಗುಜರಾತಿನ ಪಟೇಲ್ ಎಂಬ ಹೆಸರು ಲಂಡನ್‌ವರೆಗೆ ಹೊತ್ತೊಯ್ದದ್ದು ಊರ ಹಿರೇತನವನ್ನು. ನಮ್ಮದು ಹೊತ್ತದ್ದು ಬಿಟ್ಟುಬಂದ ಊರನ್ನು. ಅದು ಹುಟ್ಟೂರಿನ ದಾಖಲೆಯೂ ಅಲ್ಲ: ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ.

ಶಾಸನಗಳ ಎರಂಬರಗೆಯೇ ಇಂದಿನ ಯಲಬುರ್ಗಾ, ಸಿಂದರ ರಾಜಧಾನಿ. ಅಮೆರಿಕದಲ್ಲಿ ಹುಟ್ಟಿದ ಅಣ್ಣನ ಮಗಳಿಗೆ ಇದೊಂದೂ ಗೊತ್ತಿಲ್ಲ. ಆದರೂ ಅವಳ ಪಾಸ್‌ಪೋರ್ಟಿನಲ್ಲಿ ಆ ಊರಿದೆ. ನಾಳೆ ಅವಳು ಅಡ್ಡಹೆಸರು ಬದಲಿಸಿದರೆ, ನಾವು ಎಲ್ಲಿಂದ ಹೊರಟೆವು ಎಂಬುದಕ್ಕೆ ಅವಳ ಬಳಿ ಬೇರೆ ಕುರುಹಿಲ್ಲ.